ಐಸ್ ಭಾವನ ಕ್ಯಾಸರೋಲು

ಹೆಂಡತಿಯ ಬಳಗದಲ್ಲಿ ದೊಡ್ಡವರೆಲ್ಲ ಅವನನ್ನು ಐಸ್ ಭಾವ ಎಂದು ಕರೆಯುತ್ತಿದ್ದರು, ಚಿಕ್ಕವರು ಐಸ್ ಮಾವ ಎಂದು. ಇದರಲ್ಲಿ ಅವನ ತಣ್ಣನೆಯ ಸ್ವಭಾವದ ಹೊಗಳಿಕೆಯೇನೂ ಇರಲಿಲ್ಲ. ವರ್ಷಕ್ಕೊಮ್ಮೆ ದೊಡ್ಡ ರಜೆಗೆ ಇಡೀ ಬಳಗ ಅತ್ತೆಯ ಮನೆಯಲ್ಲಿ ಸೇರುವಾಗ ಒಬ್ಬೊಬ್ಬರೂ ಒಂದೊಂದು ಅಡುಗೆ ಮಾಡಿ ತರುತ್ತಿದ್ದರು. ಇವನು ಮಾತ್ರ ಮೂಲೆಯಂಗಡಿಯಿಂದ ಐಸಿನ ಚೀಲ ಹೊತ್ತು, ಪ್ಯಾಂಟಿನ ಒಂದು ಕಾಲು ತೋಯಿಸಿಕೊಂಡು ಬರುತ್ತಿದ್ದ. ಅಷ್ಟೇ ಆಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಅತ್ತೆ ಬಹಳ ಕಾಲ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆಗಿದ್ದವರು. ನಿಯಮವಿಲ್ಲದ ಕಡೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವರ ಮನೆಯ ನಿಯಮ ಇದು. ಕೈಯಾರೆ ಮಾಡಿದ ಪಾತ್ರೆ ತಂದವರಿಗೆ ದೊಡ್ಡ ಮೇಜಿನಲ್ಲಿ ಕುರ್ಚಿ. ತಂದ ಪಾತ್ರೆಯ ಮುಂದೆಯೇ ಕೂರಬೇಕು, ತಾವೇ ಬಡಿಸಬೇಕು. ಏನೂ ತರದವರು ಪಕ್ಕದ ವರಾಂಡದಲ್ಲಿ ಮಕ್ಕಳ ಮೇಜಿಗೆ ನಡೆಯಬೇಕು. ಐಸ್ ಕೂಡ ಒಂದು ಪದಾರ್ಥವಲ್ಲವೇ ಎಂದು ಮದುವೆಯಾದ ಹೊಸದರಲ್ಲಿ ಇವನು ವಾದ ಹೂಡಿದ್ದುಂಟು. ಅದನ್ನು ಮಾಡಿದ್ದು ನೀನಲ್ಲ, ಮೆಷಿನ್ನು ಎಂದು ಅತ್ತೆ ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಅಂದಿನಿಂದ ಪ್ರತಿ ರಜೆಗೂ ಗಿಡ್ಡ ಸ್ಟೂಲಿನ ಮೇಲೆ, ಮೊಣಕಾಲುಗಳನ್ನು ಕಿವಿಯ ಮಟ್ಟಕ್ಕೆ ತಂದುಕೊಂಡು, ಕಂಡವರ ಮಕ್ಕಳ ಮೂಗು ಒರೆಸುತ್ತಾ ಅವನು ಉಂಡಿದ್ದ. ಒಳಗಿನಿಂದ ದೊಡ್ಡವರ ನಗು ಕೇಳಿದಾಗಲೆಲ್ಲ, ಏನು ಜೋಕು ಎಂದು ಗೊತ್ತಾಗದೆ ತಾನೂ ಸ್ವಲ್ಪ ನಗುತ್ತಿದ್ದ.

ಈ ವರ್ಷ ಅವನ ಮಗಳು ತಾನೇ ಸಲಾಡ್ ಮಾಡುವುದಾಗಿ ಅಜ್ಜಿಗೆ ಹೇಳಿದಳು. ಅಜ್ಜಿ ಒಪ್ಪಿದರು. ಅಂದರೆ ಮಗಳು ದೊಡ್ಡ ಮೇಜಿಗೆ, ಅಪ್ಪ ವರಾಂಡಕ್ಕೆ. ಹುಡುಗಿ ಒಳ್ಳೆಯವಳು, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು: "ಬೇಜಾರು ಮಾಡ್ಕೋಬೇಡಪ್ಪ. ನಾನು ಮಧ್ಯ ಮಧ್ಯ ಬಂದು ನಿನ್ನ ನೋಡ್ಕೊಂಡು ಹೋಗ್ತೀನಿ."

ಆಸ್ಪತ್ರೆಯಲ್ಲಿ ಮಲಗಿದವರಿಗೆ ಹೇಳುವ ಮಾತು ಅದು. ಐಸ್ ಭಾವ ಹಲ್ಲು ಕಿರಿದ. ಆದರೆ ಆ ರಾತ್ರಿ ಅವನಿಗೆ ಊಟ ರುಚಿಸಲಿಲ್ಲ. ಹೆತ್ತ ಮಗಳು ಒಳಗೆ ಕುರ್ಚಿಯಲ್ಲಿ ಕೂತಿರುವಾಗ ತಾನು ಹೊರಗೆ ಸ್ಟೂಲಿನ ಮೇಲೆ ಕೂರುವುದೆಂದರೆ, ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂದಂತಾಯಿತು.

ಹೀಗೆ ಕುದಿಯುತ್ತಿರುವಾಗಲೇ ಅತ್ತೆಯ ಫೋನ್ ಬಂತು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅವಳು ಸ್ನಾನಕ್ಕೆ ಹೋಗದೇ ಇದ್ದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ. ಹೆಂಡತಿಯ ಚಿಕ್ಕಮ್ಮ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಾಳೆ, ಆದ್ದರಿಂದ ಈ ಸಲ ತರಕಾರಿ ಕ್ಯಾಸರೋಲಿಗೆ ಜನವಿಲ್ಲ ಎಂದು ಅತ್ತೆ ತಿಳಿಸಿದರು. ಹೂಕೋಸು, ಬೀನ್ಸು, ಕ್ಯಾರೆಟ್ಟುಗಳನ್ನು ಬೆಣ್ಣೆ, ಹಾಲು, ಹಿಟ್ಟಿನ ಗೊಜ್ಜಿನಲ್ಲಿ ಕಲಸಿ, ಮೇಲೆ ಚೀಸು, ಬ್ರೆಡ್ಡಿನ ಪುಡಿ ಉದುರಿಸಿ ಓವನ್ನಿನಲ್ಲಿ ಬೇಯಿಸುವ ಆ ಪದಾರ್ಥವಿಲ್ಲದೆ ಆ ಮನೆಯ ರಜೆ ರಜೆಯೇ ಅಲ್ಲ. ಇಷ್ಟು ಹೇಳಿ ಅತ್ತೆ, ನಿಮ್ಮದು ಐಸ್ ತಾನೇ ಎಂದರು.

ಆ 'ತಾನೇ' ಅವನ ಎದೆಗೆ ನಾಟಿತು. "ಇಲ್ಲ ಅತ್ತೆ," ಎಂದಿತು ಅವನ ಬಾಯಿ, ಅವನನ್ನು ಕೇಳದೆ. "ಕ್ಯಾಸರೋಲ್ ನಾನು ಮಾಡ್ತೀನಿ. ನಾನೊಬ್ಬನೇ. ಅದೇನು ಮಹಾ."

ಅತ್ತೆ, "ನಲವತ್ತು ಜನಕ್ಕೆ," ಎಂದರು.

"ಆಗಲಿ," ಎಂದ ಐಸ್ ಭಾವ. ಅಲ್ಲಿಯವರೆಗೆ ಅವನು ಮಾಡಿದ್ದ ಅಡುಗೆಯೆಂದರೆ ಹಾಲು ಕಾಯಿಸಿದ್ದು. ಅದೂ ಉಕ್ಕಿಹೋಗಿತ್ತು.

ತಲೆಗೆ ಟವೆಲು ಸುತ್ತಿಕೊಂಡು ಬಂದ ಹೆಂಡತಿ ಸುದ್ದಿ ಕೇಳಿ ಮಂಚದ ಮೇಲೆ ಕುಸಿದಳು. ಬೈಯುವುದಕ್ಕೂ ಶಕ್ತಿ ಬೇಕಲ್ಲ. ತಾನು ಕೈ ಹಾಕಿದರೆ ಅಮ್ಮನಿಗೆ ಒಂದು ತುತ್ತಿನಲ್ಲಿ ಗೊತ್ತಾಗುತ್ತದೆ, ಆದ್ದರಿಂದ ತನ್ನನ್ನು ಮಾತ್ರ ಏನೂ ಕೇಳಕೂಡದು, ಬೇಕಾದರೆ ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ ಎಂದಳು. ಪಾಪ, ಸಿಟ್ಟಿನಲ್ಲಿ ಆಡಿದ ಮಾತು. ಗಂಡ ಅದನ್ನು ಚಾಚೂ ತಪ್ಪದೆ ಪಾಲಿಸಿಬಿಟ್ಟ.

ಅವನಿಗೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ. ಗಾಜಿನ ಆಚೆಯಿಂದ ಜನ ಕೇಳುತ್ತಾರೆ, ಈಚೆಯಿಂದ ಇವನು ಹೇಳುತ್ತಾನೆ. ಇದೇ ಕೆಲಸ ಮಾಡಿ ಮಾಡಿ, ಲೋಕದಲ್ಲಿ ಯಾವುದೇ ಪ್ರಶ್ನೆಯನ್ನು ಯಾರನ್ನೇ ಕೇಳಿದರೂ ಉತ್ತರ ಸಿಗುತ್ತದೆ, ಸಿಕ್ಕ ಉತ್ತರವೆಲ್ಲ ಸರಿಯಾಗಿರುತ್ತದೆ ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. ಅವನು ಹೇಳಿದ ಬಸ್ಸು ಹತ್ತಿ ಬೇರೆಲ್ಲೋ ಇಳಿದವರಿಗೆ ಈ ನಂಬಿಕೆ ಇರಲಿಲ್ಲ, ಆ ಮಾತು ಬೇರೆ.

ಮೊದಲು ಹೆಂಡತಿಯ ಅಕ್ಕನಿಗೆ ಫೋನ್ ಮಾಡಿದ. ದೊಡ್ಡ ಅತ್ತಿಗೆ ಎಂದರೆ ಬಳಗದಲ್ಲೇ ಕೈ ಪಳಗಿದವಳು, ಅವಳ ಹುರಿದ ಕೋಳಿಗೆ ನಲವತ್ತು ಜನ ವರ್ಷವಿಡೀ ಕಾಯುತ್ತಾರೆ. ಅವಳನ್ನು ಇವನು ಕೇಳಿದ ಮೊದಲ ಪ್ರಶ್ನೆ ಇದು: "ಅತ್ತಿಗೆ, ಬೇಯುವಾಗ ಓವನ್ ಬಾಗಿಲು ತೆಗೆದಿಡಬೇಕಾ, ಮುಚ್ಚಿಡಬೇಕಾ? ಮುಚ್ಚಿದ್ರೆ ಅದಕ್ಕೆ ಉಸಿರು ಕಟ್ಟಲ್ವಾ?"

ದೊಡ್ಡ ಅತ್ತಿಗೆ ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಬಹಳ ಮೃದುವಾಗಿ, ಬಾಗಿಲು ಮುಚ್ಚಬೇಕು, ತರಕಾರಿಯಲ್ಲಿ ನೀರು ಉಳಿಯಬಾರದು, ಒಣಗಿದಂತಿರಬೇಕು ಎಂದಳು. ಅವಳ ಗಂಡ ಹಲ್ಲಿನ ಡಾಕ್ಟರು. ಅವನು ಫೋನ್ ಕಸಿದುಕೊಂಡು, ಒಣಗಿಸಿದರೆ ಮುದುಕರ ಹಲ್ಲು ಕೈಗೆ ಬರುತ್ತದೆ, ನೀರು ನೀರಾಗಿಯೇ ಇರಲಿ ಎಂದ. ಅಗ್ನಿಶಾಮಕ ದಳದಲ್ಲಿದ್ದ ಭಾಮೈದ, ಮೇಲ್ಪದರ ಕಪ್ಪಾಗಿ ಹೊಗೆಯಾಡುವ ತನಕ ಬಿಡಬೇಕು, ಹೆದರಬಾರದು ಎಂದ. ಹೆದರದಿರುವುದಕ್ಕೆ ಅವನಿಗೆ ಸರಕಾರ ಸಂಬಳ ಕೊಡುತ್ತಿತ್ತು. ಐಸ್ ಭಾವ ಮೂವರಿಗೂ ಥ್ಯಾಂಕ್ಸ್ ಹೇಳಿ, ಮೂರನ್ನೂ ಪಾಲಿಸುವುದೆಂದು ತೀರ್ಮಾನಿಸಿದ. ಮೂವರೂ ತಿಳಿದವರು. ಯಾರ ಮಾತನ್ನು ಬಿಡುವುದು?

ಫೋನಿಟ್ಟ ಮೇಲೆ ದೊಡ್ಡ ಅತ್ತಿಗೆ ಅಡುಗೆಮನೆಯ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಅವಳಿಗೆ ಅಯ್ಯೋ ಅನ್ನಿಸಿತು. ನಲವತ್ತು ಜನರ ಮುಂದೆ ಈ ಪ್ರಾಣಿಯ ಮಾನ ಹೋಗುತ್ತದೆ, ತನ್ನ ತಂಗಿಯ ಮುಖ ಸಣ್ಣದಾಗುತ್ತದೆ. ಈ ವರ್ಷ ಕೋಳಿ ಬೇಡ. ಗುಟ್ಟಾಗಿ ಒಂದು ಕ್ಯಾಸರೋಲ್ ಮಾಡಿ ಅವನ ಕೈಗಿಟ್ಟು, ನಿಂದೇ ಅಂತ ಹೇಳಿಕೋ ಅಂದರಾಯಿತು. ತಾನು ಬರಿಗೈಯಲ್ಲಿ ಹೋದರೆ ಒಂದು ದಿನ ವರಾಂಡದಲ್ಲಿ ಕೂರಬೇಕು, ಅಷ್ಟೇ ತಾನೇ. ಉಳಿದವರೆಲ್ಲ ತರುತ್ತಾರಲ್ಲ, ಒಂದು ಕೋಳಿ ಇಲ್ಲದಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಹೀಗೆಂದುಕೊಂಡು ಅವಳು ಈ ವಿಷಯ ಗಂಡನಿಗೂ ಹೇಳಲಿಲ್ಲ.

ಇನ್ನು ಚಿಕ್ಕಮ್ಮನನ್ನು ಕೇಳದೆ ಇರಲಾದೀತೇ? ಮರುದಿನ ಕೌಂಟರಿನಿಂದಲೇ ಫೋನ್ ಹಚ್ಚಿದ. ಮುಂದೆ ಬಾಗಿ ಕೂತಾಗ ಮೊಣಕೈ ಮೈಕಿನ ಗುಂಡಿಯ ಮೇಲೆ ಊರಿತು. ಹೊರಡುವ ಬಸ್ಸುಗಳ ಹೆಸರು ಹೇಳಬೇಕಾದ ಧ್ವನಿವರ್ಧಕಗಳಲ್ಲಿ ಎಲ್ಲ ಪ್ಲಾಟ್‌ಫಾರ್ಮುಗಳಿಗೂ ಐಸ್ ಭಾವನ ದನಿ ಕೇಳಿಬಂತು: "ಚಿಕ್ಕಮ್ಮ, ಹೂಕೋಸು ತೊಳೆದ ಮೇಲೆ ಒಣಗೋಕೆ ಹಗ್ಗಕ್ಕೆ ಹಾಕ್ಬೇಕಾ? ಕ್ಲಿಪ್ ಹಾಕಿದ್ರೆ ನೋವಾಗಲ್ವಾ, ಅಂದ್ರೆ ತರಕಾರಿಗೆ?"

ನಿಲ್ದಾಣ ನಿಂತುಬಿಟ್ಟಿತು. ಹೊರಟಿದ್ದ ಬಸ್ಸಿನ ಡ್ರೈವರು ಇಂಜಿನ್ ಆಫ್ ಮಾಡಿ ಕಿವಿಗೊಟ್ಟ. ಗೊಜ್ಜು ಗಂಟು ಕಟ್ಟಿದರೆ ಬಾಚಣಿಗೆಯಿಂದ ಬಿಡಿಸಬಹುದೇ ಎಂಬ ಪ್ರಶ್ನೆ ಬರುವ ಹೊತ್ತಿಗೆ ಕೌಂಟರಿನ ಮುಂದೆ ಎಂದೂ ಇಲ್ಲದ ಕ್ಯೂ ಬೆಳೆದಿತ್ತು. ಯಾರಿಗೂ ಬಸ್ಸಿನ ವಿಚಾರಣೆ ಬೇಕಿರಲಿಲ್ಲ. ಸೂಟ್‌ಕೇಸಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ನಿಂಬೆರಸ ಹಿಂಡು ಎಂದಳು. ಅವಳ ಗಂಡ, ನಿಂಬೆ ಹಿಂಡಿದರೆ ಹಾಲು ಒಡೆಯುತ್ತದೆ, ಇವಳ ಮಾತು ಕೇಳಿ ತಾನೇ ಈ ಗತಿಗೆ ಬಂದಿದ್ದೇನೆ ಎಂದ. ಅವರ ನಡುವೆ ಹತ್ತಿಕೊಂಡ ಜಗಳಕ್ಕೆ ಇಬ್ಬರ ಬಸ್ಸೂ ತಪ್ಪಿಹೋಯಿತು.

ನಿಲ್ದಾಣದ ಅಧಿಕಾರಿ ಟೋಪಿ ಸರಿಪಡಿಸಿಕೊಳ್ಳುತ್ತಾ ದಾಪುಗಾಲಿನಲ್ಲಿ ಬಂದರು. ಅವರು ಬಂದರೆಂದರೆ ಯಾರಿಗೋ ಮೆಮೊ ಕಾದಿದೆಯೆಂದೇ ಅರ್ಥ. ಸಾರ್ವಜನಿಕ ಧ್ವನಿವರ್ಧಕದ ದುರುಪಯೋಗ, ಕರ್ತವ್ಯಲೋಪ, ಪ್ರಯಾಣಿಕರ ದಿಕ್ಕು ತಪ್ಪಿಸುವಿಕೆ ಎಂದು ಅವರು ಬೆರಳು ಮಡಿಸುತ್ತಾ ಹೋದರು. ನಾಲ್ಕನೆಯ ಬೆರಳಿಗೆ ಬಂದಾಗ ಯಾಕೋ ದನಿ ಇಳಿಯಿತು.

"ಜಾಯಿಕಾಯಿ ಹಾಕ್ತಿದೀರಾ?" ಎಂದರು.

"ಇಲ್ಲ ಸಾರ್."

"ಹಾಕಿ. ಇದು ಆರ್ಡರು ಅಂತ ತಿಳ್ಕೊಳ್ಳಿ. ನಮ್ಮ ತಾಯಿ ಹಾಕ್ತಿದ್ರು." ಅಧಿಕಾರಿಗಳು ಕಣ್ಣೊರೆಸಿಕೊಂಡು ಹೊರಟುಹೋದರು. ಮೆಮೊ ಬರಲಿಲ್ಲ.

ಆದರೆ ಆ ಹೊತ್ತಿಗೆ ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಹೆಂಡತಿಯ ಕಡೆಯ ಒಬ್ಬ ದೊಡ್ಡಪ್ಪನ ಮಗಳು ಬಸ್ಸಿಗಾಗಿ ನಿಂತಿದ್ದಳು. ದನಿ ಗುರುತು ಸಿಕ್ಕಿ ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಬಸ್ಸು ಊರ ಹೊರಗೆ ದಾಟುವುದರೊಳಗೆ ಬಳಗದ ಅಷ್ಟೂ ಮನೆಗಳಿಗೆ ಅವಳ ಫೋನ್ ಹೋಗಿಯಾಗಿತ್ತು.

ಇತ್ತ ಐಸ್ ಭಾವ ರಜೆಗೆ ಮೊದಲು ಒಂದು ತಾಲೀಮು ನಡೆಸಿದ. ಬಾಣಲೆಗಿಂತ ದೊಡ್ಡ ತಟ್ಟೆ, ತಟ್ಟೆಗಿಂತ ಚಿಕ್ಕ ಓವನ್ನು. ತಟ್ಟೆಯನ್ನು ಓರೆಯಾಗಿ ತುರುಕಿದ. ಗೊಜ್ಜೆಲ್ಲ ಒಂದು ಮೂಲೆಗೆ ಹರಿಯಿತು, ತರಕಾರಿಯೆಲ್ಲ ಇನ್ನೊಂದು ಮೂಲೆಯಲ್ಲಿ ಉಳಿಯಿತು. ಮೇಲೆ ಮುಚ್ಚಳ ಬೇಕೆಂದು ಯಾರೋ ಹೇಳಿದ್ದರಿಂದ ಪ್ಲಾಸ್ಟಿಕ್ಕಿನ ಮುಚ್ಚಳವನ್ನೇ ಮುಚ್ಚಿದ. ಸ್ವಲ್ಪ ಹೊತ್ತಿಗೆ ಕೆಳಮನೆಯ ನಿವೃತ್ತ ಹೆಡ್‌ಮಿಸ್ಸು ಒದ್ದೆ ಟವೆಲನ್ನು ಮೂಗಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಓವನ್ನಿನ ಮುಂದೆ ನಿಂತು, ಒಳಗೆ ಜೊಲ್ಲಿನಂತೆ ಇಳಿಬಿದ್ದಿದ್ದ ಮುಚ್ಚಳವನ್ನು ನೋಡಿದರು. ಯಾವ ದಡ್ಡನನ್ನೂ ಕೈಬಿಡದೆ ಪಾಸು ಮಾಡಿಸಿದ ಹೆಂಗಸು ಅವರು. ಆ ದಿನ ಮಾತ್ರ ಕೈಚೆಲ್ಲಿ ಇಳಿದರು.

ಮೆಟ್ಟಿಲಲ್ಲಿ ಇವನ ಹೆಂಡತಿ ಸಿಕ್ಕಳು. ತಮ್ಮ ಮನೆಯಲ್ಲೂ ಓವನ್ ಇದೆ, ಕೈರುಚಿಯೂ ಬೇರೆ, ಯಾರಿಗೂ ಗುರುತು ಸಿಗುವುದಿಲ್ಲ ಎಂದು ಹೆಡ್‌ಮಿಸ್ಸು ಅವಳ ಕಿವಿಯಲ್ಲಿ ಹೇಳಿದರು. ಹೆಂಡತಿ ಆ ಸಂಜೆಯೇ ತನ್ನ ನಿಂಬೆ ಕೇಕಿನ ಸಾಮಾನನ್ನು ಬೀರುವಿಗೆ ಸೇರಿಸಿ, ಒಂದು ಚೀಲ ತರಕಾರಿಯನ್ನು ಕೆಳಮನೆಗೆ ಇಳಿಸಿದಳು.

ರಜೆಯ ದಿನ ಬೆಳಿಗ್ಗೆ ಐಸ್ ಭಾವ ಕೊನೆಗೂ ತನ್ನ ಕ್ಯಾಸರೋಲನ್ನು ಹೊರತೆಗೆದ. ದೊಡ್ಡ ಅತ್ತಿಗೆಯ ಮಾತಿನಂತೆ ತರಕಾರಿ ಒಣಗಿತ್ತು, ಹಲ್ಲಿನ ಡಾಕ್ಟರ ಮಾತಿನಂತೆ ಗೊಜ್ಜು ನೀರಾಗಿತ್ತು, ಭಾಮೈದನ ಮಾತಿನಂತೆ ಮೇಲ್ಪದರ ಕಪ್ಪಾಗಿ ಹೊಗೆಯಾಡುತ್ತಿತ್ತು. ನಿಂಬೆಗೆ ಹಾಲು ಒಡೆದಿತ್ತು. ಜಾಯಿಕಾಯಿಯನ್ನು ಆರ್ಡರಿನ ಪ್ರಕಾರ ಇಡಿಯಾಗಿಯೇ ಹಾಕಿದ್ದ. ಅವನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಲೋಕದಲ್ಲಿರಲಿಲ್ಲ. ಮಗುವನ್ನು ಸುತ್ತುವಂತೆ ತನ್ನ ಒಳ್ಳೆಯ ಶಾಲಿನಲ್ಲಿ ಸುತ್ತಿಕೊಂಡು, ಮಗಳ ಸಲಾಡಿನ ಪಕ್ಕದಲ್ಲಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟ.

ಅತ್ತೆಯ ಮನೆಯಲ್ಲಿ ಅವನು ಶೂ ಬಿಚ್ಚುತ್ತಿದ್ದಂತೆ ದೊಡ್ಡ ಅತ್ತಿಗೆ ರಟ್ಟೆ ಹಿಡಿದು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದಳು. ಸೆರಗಿನಡಿಯಿಂದ ಒಂದು ಬಿಸಿ ಪಾತ್ರೆ ಕೈಗಿಟ್ಟು, ಇದನ್ನೇ ನಿಂದು ಅಂತ ಇಡು, ಯಾರಿಗೂ ಹೇಳಬೇಡ ಎಂದಳು. ಅವಳ ಕಣ್ಣು ತುಂಬಿತ್ತು. ಬೇಡ ಎನ್ನಲು ಇವನಿಗೆ ಬಾಯಿ ಬರಲಿಲ್ಲ. ಪಾತ್ರೆಯನ್ನು ವಾಷಿಂಗ್ ಮೆಷಿನ್ನಿನ ಮೇಲಿಟ್ಟು ಹೊರಬರುವಷ್ಟರಲ್ಲಿ ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಡಾಕ್ಟರು ಆಚೆ ಈಚೆ ನೋಡಿ ಬ್ಯಾಗು ತೆರೆದು ಇನ್ನೊಂದು ಕ್ಯಾಸರೋಲು ತೆಗೆದ, ತನ್ನ ಹೆಂಡತಿಗೆ ಗೊತ್ತಾಗಕೂಡದೆಂದು ಆಣೆ ಹಾಕಿಸಿದ. ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚು ಕಾಯಿಸುವ ಒಲೆಯಲ್ಲಿ ಬೇಯಿಸಿದ್ದಂತೆ. ಮೂರನೆಯದನ್ನು ಭಾಮೈದ ಕಿಟಕಿಯಿಂದ ಕೊಟ್ಟ, ಅವನಿಗೆ ಕಿಟಕಿಯೇ ಅಭ್ಯಾಸ. ಚಿಕ್ಕಮ್ಮ ಮುರಿದ ಕೈಯ ಜೋಳಿಗೆಯಲ್ಲೇ ಒಂದು ಪುಟ್ಟ ಪಾತ್ರೆ ಅಡಗಿಸಿಕೊಂಡು ಬಂದಿದ್ದಳು, ಎಡಗೈಯಲ್ಲಿ ಮಾಡಿದ್ದು ಕಣೋ ಎಂದಳು. ದೊಡ್ಡಪ್ಪನ ಮಗಳು ಬಂದಳು, ಅವಳ ಅಣ್ಣಂದಿರು ಬಂದರು, ಅಣ್ಣಂದಿರ ಹೆಂಡತಿಯರು ಬೇರೆ ಬೇರೆಯಾಗಿ ಬಂದರು. ಕೊನೆಗೆ ಕಟ್ಟಿಕೊಂಡವಳೇ ಬಂದು, ನೆಲ ನೋಡುತ್ತಾ ಹೆಡ್‌ಮಿಸ್ಸಿನ ಪಾತ್ರೆ ಚಾಚಿದಳು. ಪ್ರತಿಯೊಬ್ಬರೂ ಹೇಳಿದ್ದು ಒಂದೇ: ನಿಂದನ್ನ ಎಲ್ಲಾದರೂ ಚೆಲ್ಲಿಬಿಡು, ಇದನ್ನ ಇಡು, ಯಾರಿಗೂ ಹೇಳಬೇಡ.

ಐಸ್ ಭಾವ ಯಾರಿಗೂ ಹೇಳಲಿಲ್ಲ. ಯಾರದನ್ನು ಇಡುವುದು, ಯಾರದನ್ನು ಬಿಡುವುದು? ತಲೆ ಕೆಟ್ಟು, ಎಲ್ಲವನ್ನೂ ಅಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಬಂದು, ಶಾಲು ಬಿಚ್ಚಿ ತನ್ನದನ್ನೇ ದೊಡ್ಡ ಮೇಜಿನ ಮೇಲೆ ಇಟ್ಟ.

ಗಂಟೆ ಬಾರಿಸಿ ಅತ್ತೆ ಊಟದ ಕೋಣೆಗೆ ಬಂದರು. ಅಷ್ಟುದ್ದದ ಮೇಜು, ಇಸ್ತ್ರಿ ಮಾಡಿದ ಬಟ್ಟೆ, ಸಾಲುಗಟ್ಟಿದ ಕುರ್ಚಿ. ಮೇಜಿನ ಮೇಲೆ ಒಂದು ಸಲಾಡು, ಒಂದು ಮುಚ್ಚಿದ ತಟ್ಟೆ. ಅದರಾಚೆ ಬರೀ ಬಟ್ಟೆ. ಗೋಡೆಯುದ್ದಕ್ಕೂ ನಿಂತಿದ್ದ ಬಳಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಕೋಳಿ ಎಲ್ಲಿ ಎಂದು ಡಾಕ್ಟರು ಹೆಂಡತಿಯನ್ನು ಕಣ್ಣಲ್ಲೇ ಕೇಳಿದ. ನಿಮ್ಮ ಮೀನೆಲ್ಲಿ ಎಂದು ಅವಳು ಕೇಳಿದಳು.

ಅತ್ತೆ ಒಬ್ಬೊಬ್ಬರನ್ನೇ ವಿಚಾರಿಸಿದರು. ಕೋಳಿ ಸೀದುಹೋಯಿತು. ಮೀನು ಸಿಗಲಿಲ್ಲ. ಕೇಕು ಉಬ್ಬಲಿಲ್ಲ. ಸೂಪನ್ನು ಬೆಕ್ಕು ಕುಡಿಯಿತು ಎಂದು ಭಾಮೈದ ಹೇಳಿದ, ಅವನ ಮನೆಯಲ್ಲಿ ಬೆಕ್ಕಿರಲಿಲ್ಲ. ಹೇಳುತ್ತಾ ಹೇಳುತ್ತಾ ಎಲ್ಲರೂ ಐಸ್ ಭಾವನ ಕಡೆಯೇ ನೋಡುತ್ತಿದ್ದರು, ನಾನು ಕೊಟ್ಟದ್ದೆಲ್ಲಿ, ಬೇಗ ತಂದಿಡು ಎನ್ನುವ ಹಾಗೆ. ನಲವತ್ತು ಜನ ಹಸಿದು ನಿಂತಿದ್ದರು. ವರಾಂಡದಲ್ಲಿ ಮಕ್ಕಳು ಚಮಚ ಬಡಿಯತೊಡಗಿದ್ದರು. ಐಸ್ ಭಾವ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಒಂದು ಪಾತ್ರೆ ತಂದಿಟ್ಟ. ಅತ್ತೆ ಮುಚ್ಚಳ ತೆಗೆದರು: ತರಕಾರಿ ಕ್ಯಾಸರೋಲು. ಇನ್ನೊಂದು ತಂದ: ಕ್ಯಾಸರೋಲು. ಮತ್ತೊಂದು ತಂದ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಕ್ಯಾಸರೋಲು ತುಂಬಿತು. ಪ್ರತಿ ಮುಚ್ಚಳ ತೆಗೆದಾಗಲೂ ಗೋಡೆಯ ಪಕ್ಕದಲ್ಲಿ ಒಬ್ಬರ ಮುಖ ಕೆಂಪಾಗುತ್ತಿತ್ತು.

"ಇಷ್ಟೂ ನೀನೇ ಮಾಡಿದ್ದಾ?" ಎಂದರು ಅತ್ತೆ.

ಇಲ್ಲವೆಂದರೆ ಇಷ್ಟು ಜನರಿಗೆ ಕೊಟ್ಟ ಮಾತು ಮುರಿದಂತೆ. ಹೌದೆಂದರೆ ವಾರ್ಡನ್ನಿಗೆ ಸುಳ್ಳು ಹೇಳಿದಂತೆ. ಐಸ್ ಭಾವ ಗೋಡೆಯ ಕಡೆ ನೋಡಿದ. ಚಿಕ್ಕಮ್ಮ ಮುರಿದ ಕೈಯನ್ನೇ ಮುಗಿಯುತ್ತಿದ್ದಳು.

"ಹೌದು ಅತ್ತೆ," ಎಂದ. "ಎಲ್ಲಾ ನಂದೇ."

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಗಾದರೆ ನಿಯಮ ಗೊತ್ತಲ್ಲ ಎಂದು ಗೋಡೆಯ ಕಡೆ ತಿರುಗಿದರು. ದೊಡ್ಡ ಅತ್ತಿಗೆ ಮುಂದೆ, ಡಾಕ್ಟರು ಹಿಂದೆ, ಬಳಗದ ಹಿರಿಯರೆಲ್ಲ ಸಾಲಾಗಿ ವರಾಂಡಕ್ಕೆ ನಡೆದರು. ಗಿಡ್ಡ ಸ್ಟೂಲುಗಳು ಕಿರುಗುಟ್ಟಿದವು. ಡಾಕ್ಟರ ಮೊಣಕಾಲು ಅವನ ಕನ್ನಡಕಕ್ಕೇ ತಾಗಿತು. ದೊಡ್ಡ ಮೇಜಿನಲ್ಲಿ ಉಳಿದವರು ಅತ್ತೆ, ಸಲಾಡಿನ ಹಿಂದೆ ಮಗಳು, ಅವಳ ಪಕ್ಕದಲ್ಲಿ ಇನ್ನೂ ನಿಂತೇ ಇದ್ದ ಐಸ್ ಭಾವ. ಮಗಳೊಬ್ಬಳು ಮಾತ್ರ ಬದಲಿ ಕ್ಯಾಸರೋಲು ತಂದಿರಲಿಲ್ಲ. ಅಪ್ಪನ ಮೇಲಿನ ನಂಬಿಕೆಯಿಂದ ಎಂದು ಹೇಳುವ ಆಸೆ ನನಗೂ ಇದೆ, ಆದರೆ ನಿಜವೆಂದರೆ ಸಲಾಡಿನ ಗಡಿಬಿಡಿಯಲ್ಲಿ ಅವಳಿಗೆ ಹೊಳೆದಿರಲಿಲ್ಲ.

ತಂದವರೇ ಬಡಿಸಬೇಕು. ಐಸ್ ಭಾವ ಪಾತ್ರೆ ಮೇಲೆ ಪಾತ್ರೆ ಹೊತ್ತು ಒಳಗೂ ಹೊರಗೂ ಓಡಾಡಿದ. ಅತ್ತೆ ತಮ್ಮ ತಟ್ಟೆಗೆ ಎಲ್ಲದರಿಂದಲೂ ಒಂದೊಂದು ಚಮಚ ಹಾಕಿಸಿಕೊಂಡರು. ಒಂದೊಂದನ್ನೂ ಬಾಯಲ್ಲಿಟ್ಟು, ತಲೆಯೆತ್ತದೆ, ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾ ಹೋದರು. ಇದು ದೊಡ್ಡವಳದು. ಇದು ದೊಡ್ಡ ಅಳಿಯನದು, ಔಷಧಿ ವಾಸನೆ. ಇದು ನನ್ನ ತಂಗಿಯದು, ಎಡಗೈ ಉಪ್ಪು. ಹೆಡ್‌ಮಿಸ್ಸಿನದಕ್ಕೆ ಒಂದು ಕ್ಷಣ ತಡೆದು, ಇದು ಹೊರಗಿನದು ಎಂದರು.

ಕೊನೆಗೆ ಕಪ್ಪು ಮೇಲ್ಪದರದ ತಟ್ಟೆ ಉಳಿಯಿತು. ಅತ್ತೆ ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು. ಜಾಯಿಕಾಯಿಯನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು. ನೀರು ಕುಡಿದರು. ಮತ್ತೆ ಅಗಿದರು.

"ಇದು ನಿಂದು," ಎಂದರು.

"ಹೇಗೆ ಗೊತ್ತಾಯ್ತು ಅತ್ತೆ?"

"ಉಳಿದೋರಿಗೆ ಅಡುಗೆ ಬರುತ್ತೆ."

ಐಸ್ ಭಾವ ಚಮಚ ಕೆಳಗಿಟ್ಟ. ಇನ್ನೇನಿದೆ, ಅತ್ತೆಗೆ ಬೆನ್ನು ಮಾಡಿ ವರಾಂಡದ ಕಡೆ ಎರಡು ಹೆಜ್ಜೆ ಹಾಕಿದ. ಮಗಳು ಸಲಾಡಿನಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು. ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು.

"ಎಲ್ಲಿಗೆ ಹೊರಟೆ?" ಎಂದರು ಅತ್ತೆ. "ಪಾತ್ರೆ ತಂದೋರಿಗೆ ಕುರ್ಚಿ ಅಂತ ನಾನು ಹೇಳಿದ್ದು. ತಿನ್ನೋ ಹಾಗಿರಬೇಕು ಅಂತ ಯಾವತ್ತಾದ್ರೂ ಹೇಳಿದ್ನಾ? ಕೂತ್ಕೋ."

ಅವನು ಕೂತ. ಅತ್ತೆ ಆ ಕಪ್ಪು ತಟ್ಟೆಯಿಂದಲೇ ಅವನಿಗೊಂದು ದೊಡ್ಡ ತುಂಡು ಬಡಿಸಿದರು, ತಮಗೂ ಇನ್ನೊಂದು ಹಾಕಿಕೊಂಡು, ಹಟ ಹಿಡಿದವರಂತೆ ತಿನ್ನತೊಡಗಿದರು. ಇವನೂ ಒಂದು ತುತ್ತು ಇಟ್ಟುಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಅರ್ಧ ಕುರ್ಚಿಯ ಸುಖಕ್ಕೆ, ಅರ್ಧ ಜಾಯಿಕಾಯಿಗೆ. ಪಕ್ಕದಲ್ಲಿ ಮಗಳು ನೀರಿನ ಲೋಟವನ್ನು ಅಪ್ಪನ ಕಡೆ ಸರಿಸಿ, ಏನೂ ಆಗಿಲ್ಲವೆಂಬಂತೆ ಸೌತೆಕಾಯಿ ಕಡಿಯುತ್ತಾ ಕೂತಳು. ವರಾಂಡದಿಂದ ಇಡೀ ಬಳಗ ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಏನು ಜೋಕು ಎಂಬುದು ಐಸ್ ಭಾವನಿಗೆ ಈ ಸಲ ಚೆನ್ನಾಗಿ ಗೊತ್ತಿತ್ತು. ತಟ್ಟೆಯಿಂದ ಕಣ್ಣೆತ್ತದೆ ಅವನೂ ನಕ್ಕ, ಅತ್ತೆಯೂ ನಕ್ಕರು.